ಹಿತ್ತಲಿನ ಮ್ಯಾಕ್ರೋ ಫೋಟೋಗ್ರಫಿ: ಕಿಟ್ ಲೆನ್ಸ್‌ನಿಂದ ಫೋಕಸ್ ಸ್ಟ್ಯಾಕಿಂಗ್‌ವರೆಗೆ

ಕರಿಬೇವಿನ ಎಲೆ ಮೇಲೆ ಕೂತ ಜಿಗಿಯುವ ಜೇಡದ ಕಣ್ಣು ಚೊಕ್ಕವಾಗಿ ಬರಬೇಕು ಎಂದು ಹೊರಟ ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಮ್ಯಾಕ್ರೋ ಲೆನ್ಸ್ ಬೆಲೆ. ಈ ಮಾರ್ಗದರ್ಶಿ ಹೇಳುವುದು ಬೇರೆ: ಮೊದಲು ಬೆಳಕನ್ನು ಸರಿಮಾಡಿಕೊಳ್ಳಿ, ಲೆನ್ಸ್ ಆಮೇಲೆ. ಕ್ಯಾಮೆರಾ ಜತೆಗೇ ಬಂದ ಹಳೆಯ 18-55 ಮಿ.ಮೀ. ಕಿಟ್ ಲೆನ್ಸ್, ಒಂದು ಸಾದಾ ಫ್ಲ್ಯಾಶ್, ಅದರ ಬೆಳಕನ್ನು ಹರಡಿ ಮೆದು ಮಾಡುವ, ಕೈಯಾರೆ ಕಟ್ಟಿದ ಡಿಫ್ಯೂಸರ್ ಇದ್ದರೆ ಸಿಗುವ ಚಿತ್ರ, ದುಬಾರಿ ಮ್ಯಾಕ್ರೋ ಲೆನ್ಸ್‌ಗೆ ಬೋಳು ಫ್ಲ್ಯಾಶ್ ಹಚ್ಚಿ ತೆಗೆದದ್ದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ.

ಬೆಳಕೇ ಯಾಕೆ ಮೊದಲು

ಸೆನ್ಸರ್ ಮೇಲೆ ಬೀಳುವ ಬಿಂಬ ಹುಳುವಿನಷ್ಟೇ ದೊಡ್ಡದಿದ್ದರೆ ಅದು 1:1 ವರ್ಧನೆ, ಅಂದರೆ 1 ಪಟ್ಟು. ವರ್ಧನೆ ಹೆಚ್ಚಿದಂತೆ ಎರಡು ತೊಂದರೆ ಒಟ್ಟಿಗೇ ಬರುತ್ತವೆ.

ಮೊದಲನೆಯದು ಬೆಳಕಿನ ನಷ್ಟ. ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರವೇ ಅಪರ್ಚರ್; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು. ಕ್ಯಾಮೆರಾದಲ್ಲಿ ಎಫ್/8 ಇಟ್ಟರೂ 1 ಪಟ್ಟಿನಲ್ಲಿ ಅದು ಎಫ್/16ರಂತೆ, 2 ಪಟ್ಟಿನಲ್ಲಿ ಎಫ್/24ರಂತೆ ವರ್ತಿಸುತ್ತದೆ. ಲೆಕ್ಕ ಸುಲಭ: ವರ್ಧನೆಗೆ 1 ಕೂಡಿಸಿ, ಅದರಿಂದ ಎಫ್ ಸಂಖ್ಯೆಯನ್ನು ಗುಣಿಸಿ. ಎರಡನೆಯದು ಫೋಕಸ್‌ನ ಆಳ. ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಅಳತೆಯ) ಸೆನ್ಸರ್‌ನಲ್ಲಿ 1 ಪಟ್ಟು, ಎಫ್/8 ಇಟ್ಟರೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 0.6 ಮಿ.ಮೀ. 2 ಪಟ್ಟಿಗೆ ಹೋದರೆ 0.25 ಮಿ.ಮೀ. ಮಾತ್ರ. ಆಳ ಬೇಕೆಂದು ಅಪರ್ಚರ್ ಕಿರಿದು ಮಾಡಿದರೆ ಬೆಳಕು ಇನ್ನೂ ಕಡಿಮೆಯಾಗುತ್ತದೆ. ಎಫ್/16, ಎಫ್/22ಕ್ಕೆ ಹೋದರೆ ಡಿಫ್ರ್ಯಾಕ್ಷನ್‌ನಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಚದುರುವುದರಿಂದ) ಇಡೀ ಚಿತ್ರವೇ ಮೆತ್ತಗಾಗಿಬಿಡುತ್ತದೆ.

ಹೀಗಾಗಿ ತೋಟದ ನೆರಳಿನ ಬೆಳಕನ್ನೇ ನಂಬಿ ಕೈಯಲ್ಲಿ ಹಿಡಿದು ತೆಗೆಯುವುದು ಬಹುಪಾಲು ಸೋಲುವ ಆಟ. ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 3200ಕ್ಕೆ ಏರುತ್ತದೆ, ಶಟರ್ ವೇಗ 1/60 ಸೆಕೆಂಡಿಗೆ ಇಳಿಯುತ್ತದೆ, ಎಲೆ ಅಲುಗುತ್ತದೆ. ಫ್ಲ್ಯಾಶ್ ಈ ಮೂರನ್ನೂ ಒಟ್ಟಿಗೆ ಬಗೆಹರಿಸುತ್ತದೆ. 1/16 ಪವರ್‌ನಲ್ಲಿ ಸಾಮಾನ್ಯ ಸ್ಪೀಡ್‌ಲೈಟ್ ಉರಿಯುವುದು ಸೆಕೆಂಡಿನ ಕೆಲವು ಸಾವಿರದಲ್ಲೊಂದು ಭಾಗ ಮಾತ್ರ. ಕೈನಡುಕವನ್ನು ನಿಲ್ಲಿಸುವುದು ಶಟರ್ ಅಲ್ಲ, ಈ ಕ್ಷಣಮಾತ್ರದ ಬೆಳಕು.

ಇರುವ ಲೆನ್ಸನ್ನು ಅಳೆದು ನೋಡಿ

ಏನನ್ನೂ ಕೊಳ್ಳುವ ಮೊದಲು ಜಾಮೆಟ್ರಿ ಬಾಕ್ಸಿನ ಸ್ಕೇಲ್ ತೆಗೆದುಕೊಳ್ಳಿ. ಲೆನ್ಸನ್ನು ಮ್ಯಾನ್ಯುವಲ್ ಫೋಕಸ್‌ಗೆ ಹಾಕಿ ಅತಿ ಹತ್ತಿರದ ಫೋಕಸ್‌ಗೆ ತಿರುಗಿಸಿ. ಸ್ಕೇಲ್ ಚೊಕ್ಕವಾಗಿ ಕಾಣುವವರೆಗೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಿ ಒಂದು ಚಿತ್ರ ತೆಗೆಯಿರಿ. ಚೌಕಟ್ಟಿನ ಅಡ್ಡಗಲದಲ್ಲಿ ಎಷ್ಟು ಮಿ.ಮೀ. ಕಾಣುತ್ತದೋ ನೋಡಿ, ಸೆನ್ಸರ್ ಅಗಲವನ್ನು ಅದರಿಂದ ಭಾಗಿಸಿ. ಕ್ಯಾನನ್ ಎಪಿಎಸ್-ಸಿ ಸೆನ್ಸರ್ ಅಗಲ ಸುಮಾರು 22.3 ಮಿ.ಮೀ., ನಿಕಾನ್ ಮತ್ತು ಸೋನಿಯದು ಸುಮಾರು 23.5, ಫುಲ್ ಫ್ರೇಮ್ 36. ನಿಕಾನ್ ಎಪಿಎಸ್-ಸಿ ಕ್ಯಾಮೆರಾದಲ್ಲಿ 70 ಮಿ.ಮೀ. ಕಂಡರೆ ವರ್ಧನೆ ಸುಮಾರು 0.33.

ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ದೊಡ್ಡ ಮಿಡತೆಗೆ 0.3ರಿಂದ 0.5 ಸಾಕು. ಗುಲಗಂಜಿ ಹುಳು, ಜಿಗಿಯುವ ಜೇಡಕ್ಕೆ 1ರಿಂದ 2 ಬೇಕು. ಇರುವೆಯ ಮುಖ ಬೇಕೆಂದರೆ 3 ಪಟ್ಟಿನ ಮೇಲೆ. ನಿಮಗೆ ಯಾವುದು ಇಷ್ಟ ಎಂಬುದರ ಮೇಲೆ ಮುಂದಿನ ಖರ್ಚು ನಿಲ್ಲುತ್ತದೆ. ಚಿಟ್ಟೆಗಳಷ್ಟೇ ಸಾಕು ಎನ್ನುವವರು ಇದ್ದ ಟೆಲಿ ಜೂಮ್‌ನಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿರಬಹುದು.

ವರ್ಧನೆ ಹೆಚ್ಚಿಸುವ ದಾರಿಗಳು

ರಿವರ್ಸ್ ರಿಂಗ್. ಕೆಲವೇ ನೂರು ರೂಪಾಯಿ. ಲೆನ್ಸನ್ನು ಹಿಂದುಮುಂದು ಮಾಡಿ, ಫಿಲ್ಟರ್ ಹಾಕುವ ತುದಿಯನ್ನು ಕ್ಯಾಮೆರಾಗೆ ಕೂರಿಸುವ ಬಳೆ ಇದು. ಕೊಳ್ಳುವ ಮೊದಲು ಲೆನ್ಸ್ ಮೂತಿಯಲ್ಲಿ ಬರೆದಿರುವ ಫಿಲ್ಟರ್ ಅಳತೆ (49, 52, 55, 58 ಹೀಗೆ) ನೋಡಿಕೊಳ್ಳಿ. 50 ಮಿ.ಮೀ. ಲೆನ್ಸನ್ನು ತಿರುಗಿಸಿದರೆ ಸುಮಾರು 1 ಪಟ್ಟು, 28 ಮಿ.ಮೀ.ಗೆ ಸುಮಾರು 2 ಪಟ್ಟು, 18-55ನ್ನು 18ರಲ್ಲಿಟ್ಟು ತಿರುಗಿಸಿದರೆ 3 ಪಟ್ಟು ದಾಟುತ್ತದೆ. ಆದರೆ ಹುಳು ಮತ್ತು ಲೆನ್ಸ್ ನಡುವೆ ಉಳಿಯುವ ಜಾಗ 4-5 ಸೆಂ.ಮೀ. ಮಾತ್ರ, ಅದು ಹೆಚ್ಚುಕಡಿಮೆ ಮಾಡುವಂಥದ್ದೂ ಅಲ್ಲ.

ಇಲ್ಲಿ ಎಡವುವ ಜಾಗ ಅಪರ್ಚರ್. ಕ್ಯಾಮೆರಾ ಜತೆ ಸಂಪರ್ಕ ತಪ್ಪುವುದರಿಂದ ಕ್ಯಾನನ್ ಇಎಫ್ ಲೆನ್ಸ್ ಪೂರ್ತಿ ತೆರೆದೇ ಉಳಿಯುತ್ತದೆ. ಉಪಾಯ: ಲೆನ್ಸನ್ನು ನೇರವಾಗಿ ಹಾಕಿ, ಎಫ್/8 ಇಟ್ಟು, ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಿ, ಬ್ಲೇಡ್‌ಗಳು ಎಫ್/8ರಲ್ಲೇ ನಿಲ್ಲುತ್ತವೆ. ನಿಕಾನ್‌ನ ಜಿ ಲೆನ್ಸ್‌ಗಳದ್ದು ತದ್ವಿರುದ್ಧ: ಬಿಚ್ಚಿದ ಕೂಡಲೇ ಸ್ಪ್ರಿಂಗ್ ಎಳೆತದಿಂದ ಪೂರ್ತಿ ಮುಚ್ಚಿಕೊಳ್ಳುತ್ತವೆ, ಹಿಂಬದಿಯ ಪುಟ್ಟ ಲಿವರನ್ನು ಬೇಕಾದಷ್ಟು ಸರಿಸಿ ಟೇಪ್ ಹಚ್ಚಬೇಕು. ಎಲ್ಲಕ್ಕಿಂತ ಸಲೀಸು, ಅಪರ್ಚರ್ ಬಳೆ ಇರುವ ಹಳೆಯ ಮ್ಯಾನ್ಯುವಲ್ 50 ಅಥವಾ 28 ಮಿ.ಮೀ. ಲೆನ್ಸನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದು. ಅಂಚಿನಲ್ಲಿ ಚೂರು ಫಂಗಸ್ ಇದ್ದರೂ ನಡೆಯುತ್ತದೆ, ಬ್ಲೇಡ್‌ಗಳಿಗೆ ಎಣ್ಣೆ ಹತ್ತಿರಬಾರದು. ಆದರೆ ಫಂಗಸ್ ಇರುವ ಲೆನ್ಸನ್ನು ಬೇರೆ ಲೆನ್ಸ್‌ಗಳ ಜತೆ ಒಂದೇ ಡಬ್ಬದಲ್ಲಿ ಇಡಬೇಡಿ.

ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜೇ ಇಲ್ಲದ ಟೊಳ್ಳು ಕೊಳವೆ. 12, 20, 36 ಮಿ.ಮೀ.ಗಳ ಮೂರರ ಸೆಟ್ ಸಾಮಾನ್ಯ. ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿದರೆ ಎಷ್ಟು ವರ್ಧನೆ ಹೆಚ್ಚುತ್ತದೆಂದು ಗೊತ್ತಾಗುತ್ತದೆ. ಮೂರನ್ನೂ ಸೇರಿಸಿ 50 ಮಿ.ಮೀ. ಲೆನ್ಸ್ ಹಿಂದೆ ಹಾಕಿದರೆ 68/50, ಅಂದರೆ 1.36 ಪಟ್ಟು ಹೆಚ್ಚಳ. ಅದೇ ಸೆಟ್ 250 ಮಿ.ಮೀ. ಲೆನ್ಸ್‌ಗೆ ಕೊಡುವುದು 0.27 ಮಾತ್ರ. ಉದ್ದ ಲೆನ್ಸ್‌ಗೆ ಟ್ಯೂಬ್ ಕೊಂಡು ಬೇಸರಪಡುವವರು ಈ ಭಾಗಾಕಾರ ಮಾಡಿರುವುದಿಲ್ಲ. ಎಲೆಕ್ಟ್ರಾನಿಕ್ ಸಂಪರ್ಕದ ಚಿನ್ನದ ಬಣ್ಣದ ಪಿನ್ನುಗಳಿರುವ ಸೆಟ್ಟನ್ನೇ ಕೊಳ್ಳಿ. ಪಿನ್ ಇಲ್ಲದ ಅಗ್ಗದ ಟ್ಯೂಬ್ ಹಾಕಿದರೆ ಅನೇಕ ಮಿರರ್‌ಲೆಸ್ ಲೆನ್ಸ್‌ಗಳಲ್ಲಿ ಅಪರ್ಚರ್ ಮಾತ್ರವಲ್ಲ, ಕೈಯಿಂದ ತಿರುಗಿಸುವ ಫೋಕಸ್ ಬಳೆಯೂ ಸತ್ತುಹೋಗುತ್ತದೆ.

ಕ್ಲೋಸ್-ಅಪ್ ಲೆನ್ಸ್. ಕನ್ನಡಕದ ಗಾಜಿನಂತೆ ಲೆನ್ಸ್ ಮುಂದೆ ಸಿಕ್ಕಿಸುವಂಥದ್ದು. +1, +2, +4 ಎಂದು ಸೆಟ್ ಆಗಿ ಬರುವ ಒಂಟಿ ಗಾಜಿನ ಫಿಲ್ಟರ್‌ಗಳಲ್ಲಿ ಅಂಚುಗಳು ನೇರಳೆ-ಹಸಿರು ಬಣ್ಣಕ್ಕೆ ತಿರುಗುತ್ತವೆ, ಅವು ಬೇಡ. ರೇನಾಕ್ಸ್ ಡಿಸಿಆರ್-250 (8 ಡಯಾಪ್ಟರ್) ಮತ್ತು ಡಿಸಿಆರ್-150 (4.8 ಡಯಾಪ್ಟರ್) ಒಂದಕ್ಕಿಂತ ಹೆಚ್ಚು ಗಾಜು ಸೇರಿಸಿ ಮಾಡಿದವು. ಅವುಗಳ ಕ್ಲಿಪ್ 52ರಿಂದ 67 ಮಿ.ಮೀ.ವರೆಗಿನ ಫಿಲ್ಟರ್ ಥ್ರೆಡ್‌ಗೆ ಕೂರುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು: ಫೋಕಲ್ ಲೆಂಗ್ತ್ ಹೆಚ್ಚಿದಷ್ಟೂ ವರ್ಧನೆ ಹೆಚ್ಚು. ಡಿಸಿಆರ್-250 ಹಾಕಿ 250 ಮಿ.ಮೀ.ನಲ್ಲಿ ಇನ್ಫಿನಿಟಿಗೆ ಫೋಕಸ್ ಇಟ್ಟರೆ 2 ಪಟ್ಟು, 125ರಲ್ಲಿ 1 ಪಟ್ಟು. ಹುಳುವಿಗೂ ಲೆನ್ಸ್‌ಗೂ ನಡುವೆ ಸುಮಾರು 12 ಸೆಂ.ಮೀ. ಜಾಗ ಸಿಗುತ್ತದೆ. ಡಿಸಿಆರ್-150 ಆದರೆ 20 ಸೆಂ.ಮೀ. ಜೂಮ್ ಕಡಿಮೆ ಮಾಡಿದರೆ ಮೂಲೆಗಳು ಕಪ್ಪಾಗುತ್ತವೆ. ಕಪ್ಪು ಮಾಯವಾಗುವವರೆಗೆ ಜೂಮ್ ಮಾಡಿ, ಅಲ್ಲಿಂದ ಮುಂದಕ್ಕಷ್ಟೇ ಬಳಸಿ.

55-250 ಅಥವಾ 70-300 ಈಗಾಗಲೇ ಇದ್ದವರಿಗೆ ನಮ್ಮ ನೇರ ಸಲಹೆ ಇದೇ. ಬಿಸಿಲಲ್ಲಿ ಚಿಟ್ಟೆ ಕಂಡರೆ ಕ್ಲಿಪ್ ತೆಗೆದು ತೆಗೆಯಿರಿ, ಎಲೆ ಕೆಳಗೆ ಜೇಡ ಕಂಡರೆ ಕ್ಲಿಪ್ ಹಾಕಿ. ಇಷ್ಟು ಬೇಗ ಬದಲಾಗುವ ಸಲಕರಣೆ ಬೇರೊಂದಿಲ್ಲ.

ಮ್ಯಾಕ್ರೋ ಲೆನ್ಸ್. ಮೇಲಿನ ಯಾವುದಾದರೊಂದರಲ್ಲಿ ಒಂದು ಮಳೆಗಾಲ ಕಳೆದ ಮೇಲೆ ಇದರ ಮಾತು. 60 ಮಿ.ಮೀ. ಹಗುರ, ಆದರೆ ತೀರಾ ಹತ್ತಿರ ಹೋಗಬೇಕು. 90ರಿಂದ 105 ಮಿ.ಮೀ. ನಮ್ಮ ಕೆಲಸಕ್ಕೆ ಹದವಾದ ಅಳತೆ; 1 ಪಟ್ಟಿನಲ್ಲೂ ಲೆನ್ಸ್ ಮುಂದೆ ಸುಮಾರು 14-15 ಸೆಂ.ಮೀ. ಉಳಿಯುತ್ತದೆ. 1979ರಲ್ಲಿ ಬಂದ ಟ್ಯಾಮ್ರಾನ್ 90 ಮಿ.ಮೀ. ಎಫ್/2.5 ತಾನಾಗಿ ಅರ್ಧ ಪಟ್ಟಿನವರೆಗೆ ಮಾತ್ರ ಹೋಗುತ್ತದೆ; ಹಳೆಯ ಮ್ಯಾಕ್ರೋ ಕೊಳ್ಳುವಾಗ 1:2 ಅಥವಾ 1:1 ಯಾವುದು ಎಂದು ಕೇಳಿಕೊಳ್ಳಿ. ಲಾವೋವಾ (Laowa) 100 ಮಿ.ಮೀ. 2 ಪಟ್ಟಿನವರೆಗೂ ಒಂದೇ ಓಟಕ್ಕೆ ಹೋಗುತ್ತದೆ. ಕ್ಯಾನನ್ ಎಂಪಿ-ಇ 65 ಲೆನ್ಸ್ 1ರಿಂದ 5 ಪಟ್ಟು ಕೊಡುತ್ತದಾದರೂ ದೂರದ್ದೇನನ್ನೂ ಫೋಕಸ್ ಮಾಡದು. ಇರುವೆ, ನುಸಿಗಳ ಲೋಕಕ್ಕೇ ಇಳಿದವರಿಗೆ ಬಿಟ್ಟರೆ ಅದು ಬೇರೆಯವರಿಗೆ ಬೇಡ.

ಮೊಬೈಲ್‌ನಲ್ಲಿ ತೆಗೆಯುವವರಿಗೆ ಒಂದು ಮಾತು: ಅಲ್ಟ್ರಾವೈಡ್ ಕ್ಯಾಮೆರಾದ ಮ್ಯಾಕ್ರೋ ಮೋಡ್‌ನಲ್ಲಿ ಫೋನೇ ನೆರಳು ಬೀಳಿಸುವಷ್ಟು ಹತ್ತಿರ ಹೋಗಬೇಕಾಗುತ್ತದೆ. ಮುಖ್ಯ ಕ್ಯಾಮೆರಾ ಮುಂದೆ ಒಳ್ಳೆಯ ಕ್ಲಿಪ್ ಲೆನ್ಸ್ ಹಾಕಿ, ಪಕ್ಕದಿಂದ ಪುಟ್ಟ ಎಲ್‌ಇಡಿ ದೀಪಕ್ಕೆ ಟ್ರೇಸಿಂಗ್ ಪೇಪರ್ ಸುತ್ತಿ ಹಿಡಿದರೆ ಫಲ ಉತ್ತಮ.

ಫ್ಲ್ಯಾಶ್ ಮತ್ತು ಡಿಫ್ಯೂಸರ್

ಫ್ಲ್ಯಾಶ್‌ಗೆ ಟಿಟಿಎಲ್ (ಕ್ಯಾಮೆರಾವೇ ಬೆಳಕು ಅಳೆದು ಫ್ಲ್ಯಾಶ್ ಪವರ್ ಹೊಂದಿಸುವ ವ್ಯವಸ್ಥೆ) ಬೇಕೇಬೇಕೆಂದಿಲ್ಲ. ಮ್ಯಾಕ್ರೋದಲ್ಲಿ ಹುಳು ಮತ್ತು ಬೆಳಕಿನ ಅಂತರ ಬಹುತೇಕ ಒಂದೇ ಆಗಿರುವುದರಿಂದ ಮ್ಯಾನ್ಯುವಲ್ ಪವರ್ ಒಮ್ಮೆ ಹೊಂದಿಸಿದರೆ ಇಡೀ ಬೆಳಗ್ಗೆ ಸಾಗುತ್ತದೆ. ಗೋಡಾಕ್ಸ್ ಟಿಟಿ600ನಂಥ ಪೂರ್ಣ ಮ್ಯಾನ್ಯುವಲ್ ಫ್ಲ್ಯಾಶ್ ಸಾಕು. ಹಗುರ ಬೇಕಿದ್ದರೆ ಎರಡೇ ಎಎ ಸೆಲ್‌ನ ಟಿಟಿ350. ಸೆಲ್ ಮಾತ್ರ ಸುಮಾರು 2000 ಎಂಎಎಚ್‌ನ ರೀಚಾರ್ಜೆಬಲ್ ನಿಕಲ್ ಮೆಟಲ್ ಹೈಡ್ರೈಡ್ ಆಗಿರಲಿ. ಅಂಗಡಿಯ ಸಾದಾ ಆಲ್ಕಲೈನ್ ಸೆಲ್‌ನಲ್ಲಿ ಪ್ರತಿ ಮಿಂಚಿನ ನಂತರ ಕಾಯುವ ಹೊತ್ತು ಹೆಚ್ಚುತ್ತಾ ಹೋಗುತ್ತದೆ.

ಬೋಳು ಫ್ಲ್ಯಾಶ್‌ನಿಂದ ಗುಲಗಂಜಿ ಹುಳುವಿನ ಬೆನ್ನಿನ ಮೇಲೆ ಸುಟ್ಟಂಥ ಬಿಳಿ ಚುಕ್ಕೆ ಬೀಳುತ್ತದೆ. ಹುಳುಗಳ ಮೈಯ ಗಡಸು ಹೊದಿಕೆ ಕನ್ನಡಿಯಂತೆ ಹೊಳೆಯುವಂಥದ್ದು. ಬೆಳಕಿನ ಮೂಲದ ಆಕಾರವೇ ಅಲ್ಲಿ ಪ್ರತಿಬಿಂಬಿಸುತ್ತದೆ. ಮೂಲ ದೊಡ್ಡದಾಗಿ, ಹತ್ತಿರವಾಗಿ, ಎಲ್ಲೆಡೆ ಒಂದೇ ಸಮ ಇದ್ದರೆ ಚುಕ್ಕೆಯ ಜಾಗದಲ್ಲಿ ಮೆದುವಾದ ಹೊಳಪು ಬಂದು ಅಡಿಯ ಬಣ್ಣ ತೋರುತ್ತದೆ. ಇದನ್ನು ಮನೆಯಲ್ಲೇ ಕಟ್ಟಬಹುದು.

ಬೇಕಾದ್ದು: ಬ್ಯಾನರ್ ಮಾಡುವವರ ಬಳಿ ಸಿಗುವ 3 ಮಿ.ಮೀ. ಸನ್‌ಪ್ಯಾಕ್ ಶೀಟ್ (ಎರಡು ಪದರದ ಟೊಳ್ಳು ಪ್ಲಾಸ್ಟಿಕ್ ಹಾಳೆ), ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ಟ್ರೇಸಿಂಗ್ ಪೇಪರ್, ಟಿವಿ ಅಥವಾ ಮಿಕ್ಸಿ ಡಬ್ಬದೊಳಗೆ ಸುತ್ತಿ ಬರುವ 1 ಮಿ.ಮೀ. ಬಿಳಿ ಫೋಮ್ ಹಾಳೆ, ಡಬಲ್ ಸೈಡ್ ಟೇಪ್, ವೆಲ್ಕ್ರೋ, ಕಟರ್.

1. ಫ್ಲ್ಯಾಶನ್ನು ಕ್ಯಾಮೆರಾದ ಹಾಟ್ ಶೂ ಮೇಲೆ ಹಾಕಿ, ತಲೆ ಮುಂದಕ್ಕೆ ತಿರುಗಿಸಿ. ಫ್ಲ್ಯಾಶ್ ಮುಖದಿಂದ ಲೆನ್ಸ್ ತುದಿ ದಾಟಿ 3 ಸೆಂ.ಮೀ.ವರೆಗೆ ಅಳೆಯಿರಿ. ಜೂಮ್ ಲೆನ್ಸ್ ಆದರೆ ನೀವು ಬಳಸುವ ಜೂಮ್‌ನಲ್ಲೇ ಅಳೆಯಬೇಕು. ಇದೇ ಪೆಟ್ಟಿಗೆಯ ಉದ್ದ.

2. ಮೇಲಿನ ಫಲಕವನ್ನು ಹಿಂದೆ 9 ಸೆಂ.ಮೀ., ಮುಂದೆ 22 ಸೆಂ.ಮೀ. ಅಗಲ ಬರುವಂತೆ ಕತ್ತರಿಸಿ. ಅಕ್ಕಪಕ್ಕದ ಎರಡು ಫಲಕಗಳು ಹಿಂದೆ 6, ಮುಂದೆ 10 ಸೆಂ.ಮೀ. ಎತ್ತರ ಇರಲಿ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು, ಮಡಚುವ ಗೆರೆಯಲ್ಲಿ ಮೇಲಿನ ಪದರವನ್ನಷ್ಟೇ ಕೊಯ್ದರೆ ಕೀಲು ತಾನಾಗಿ ಬರುತ್ತದೆ.

3. ಒಳಮೈಗೆ ಫಾಯಿಲ್ ಹಚ್ಚಿ. ಸುಕ್ಕು ಬಿದ್ದರೆ ಚಿಂತೆಯಿಲ್ಲ. ತಳದಲ್ಲಿ ಲೆನ್ಸ್ ಮೇಲೆ ಕೂರುವ ಹಿಂದಿನ ಅರ್ಧವನ್ನು ಇನ್ನೊಂದು ತುಂಡಿನಿಂದ ಮುಚ್ಚಿ, ಮುಂದಿನ ಅರ್ಧ ತೆರೆದಿರಲಿ.

4. ಫ್ಲ್ಯಾಶ್ ಮುಖದಿಂದ 5 ಸೆಂ.ಮೀ. ಮುಂದೆ ಟ್ರೇಸಿಂಗ್ ಪೇಪರ್‌ನ ಒಂದು ಪರದೆ ಅಂಟಿಸಿ. ಇದು ಒಳಪದರ.

5. 25×20 ಸೆಂ.ಮೀ. ಫೋಮ್ ಹಾಳೆಯ ಕೆಳ ಅಂಚಿನ ನಡುವೆ 7-8 ಸೆಂ.ಮೀ. ಅಗಲದ ಅರ್ಧಚಂದ್ರ ಕತ್ತರಿಸಿ. ಪೆಟ್ಟಿಗೆಯ ಮುಂದಿನ ಅಂಚಿನಿಂದ ಬಾಗಿ ಇಳಿದು ಲೆನ್ಸ್ ಮೂತಿಯನ್ನು ಎರಡೂ ಕಡೆಯಿಂದ ಬಳಸಿಕೊಳ್ಳುವಂತೆ ಅಂಟಿಸಿ. ಒಳಪದರಕ್ಕೂ ಇದಕ್ಕೂ ಕನಿಷ್ಠ 4-5 ಸೆಂ.ಮೀ. ಅಂತರ ಬೇಕು. ಎರಡು ಪದರಗಳು ತಾಗಿಕೊಂಡರೆ ಒಂದೇ ದಪ್ಪ ಹಾಳೆ ಹಾಕಿದಂತೆ. ಬೆಳಕು ಕಡಿಮೆಯಾಗುತ್ತದೆ, ಹರಡುವುದಿಲ್ಲ.

6. ಹಿಂಬದಿಯನ್ನು ಫ್ಲ್ಯಾಶ್ ತಲೆಗೆ ವೆಲ್ಕ್ರೋದಿಂದ ಬಿಗಿಯಿರಿ.

ಪರೀಕ್ಷೆಗೆ ಸ್ಟೀಲ್ ಚಮಚದ ಹಿಂಬದಿ ಸಾಕು. ಅದನ್ನು ಹುಳು ಇರುವ ದೂರದಲ್ಲಿಟ್ಟು ಒಂದು ಚಿತ್ರ ತೆಗೆದು, ದೊಡ್ಡದು ಮಾಡಿ ನೋಡಿ. ಬಿಳಿ ಫೋಮ್‌ನ ಕಮಾನು ಅಂಚಿನಿಂದ ಅಂಚಿಗೆ ಒಂದೇ ಸಮ ಕಾಣಬೇಕು. ನಡುವೆ ಪ್ರಖರ ಚೌಕ ಕಂಡರೆ ಒಳಪದರವನ್ನು ಫ್ಲ್ಯಾಶ್‌ನಿಂದ ಇನ್ನಷ್ಟು ದೂರ ಸರಿಸಿ, ಅಥವಾ ಟ್ರೇಸಿಂಗ್ ಪೇಪರ್ ನಡುವೆ ಇನ್ನೊಂದು ತುಂಡು ಅಂಟಿಸಿ. ಒಂದು ಬದಿ ಕಪ್ಪಿದ್ದರೆ ಪೆಟ್ಟಿಗೆ ಓರೆಯಾಗಿದೆ. ಫೋಮ್ ಹಳದಿಗೆ ತಿರುಗಿದಾಗ ಚಿತ್ರದ ಬಣ್ಣವೂ ಕೆಡುತ್ತದೆ, ಆಗ ಹಾಳೆ ಬದಲಿಸಿ. ಸಲಕರಣೆಗಳಲ್ಲಿ ಮತ್ತೆ ಮತ್ತೆ ತಿದ್ದಿ ಕಟ್ಟಬೇಕಾದದ್ದು ಇದೊಂದೇ. ಲೆನ್ಸ್ ಬದಲಾದಾಗೆಲ್ಲ ಅಳತೆ ಬದಲಾಗುತ್ತದೆ, ಹೊಸದು ಕಟ್ಟಲು ಬೇಸರಪಡಬೇಡಿ.

ಕ್ಯಾಮೆರಾ ಸೆಟ್ಟಿಂಗ್

ಎಂ ಮೋಡ್, ಶಟರ್ 1/200, ಐಎಸ್‌ಒ 200, 1 ಪಟ್ಟಿಗೆ ಎಫ್/8ರಿಂದ ಎಫ್/11, 2 ಪಟ್ಟಿಗೆ ಎಫ್/5.6ರಿಂದ ಎಫ್/8, ಫ್ಲ್ಯಾಶ್ 1/8. ರಾ ಫಾರ್ಮ್ಯಾಟ್, ವೈಟ್ ಬ್ಯಾಲೆನ್ಸ್ ಫ್ಲ್ಯಾಶ್. ಮೊದಲ ಚಿತ್ರ ನೋಡಿ ಫ್ಲ್ಯಾಶ್ ಪವರನ್ನು ಮಾತ್ರ ಏರಿಳಿಸಿ, ಉಳಿದದ್ದನ್ನು ಮುಟ್ಟಬೇಡಿ.

ಶಟರನ್ನು 1/200 ಅಥವಾ 1/250ರ ಸಿಂಕ್ ಮಿತಿ (ಫ್ಲ್ಯಾಶ್ ಜತೆ ಶಟರ್ ಹೊಂದಿಕೊಳ್ಳುವ ಗರಿಷ್ಠ ವೇಗ) ದಾಟಿಸಿದರೆ ಚೌಕಟ್ಟಿನ ಒಂದು ಭಾಗ ಕಪ್ಪಾಗುತ್ತದೆ. ಮಿರರ್‌ಲೆಸ್‌ನಲ್ಲಿ ಇನ್ನೆರಡು ತೊಡಕು. ಸೈಲೆಂಟ್, ಅಂದರೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬಹುತೇಕ ಕ್ಯಾಮೆರಾಗಳು ಫ್ಲ್ಯಾಶನ್ನು ಉರಿಸುವುದೇ ಇಲ್ಲ; ಮೆಕ್ಯಾನಿಕಲ್‌ಗೆ ಬದಲಿಸಿ. ಪರದೆ ಪೂರ್ತಿ ಕಪ್ಪಾಗಿ ಕಂಡರೆ ಕ್ಯಾಮೆರಾ ಕೆಟ್ಟಿಲ್ಲ, ಎಕ್ಸ್‌ಪೋಷರ್ ಸಿಮ್ಯುಲೇಶನ್ (ಫ್ಲ್ಯಾಶ್ ಇಲ್ಲದೆ ಚಿತ್ರ ಹೇಗೆ ಬರುತ್ತದೋ ಹಾಗೇ ಪರದೆಯಲ್ಲಿ ತೋರಿಸುವುದು) ಚಾಲೂ ಇದೆ. ಮೆನುವಿನಲ್ಲಿ ಅದನ್ನು ಆಫ್ ಮಾಡಿ.

ಹಿನ್ನೆಲೆ ಕಪ್ಪಾಗುವುದು ಹೊಸಬರ ದೊಡ್ಡ ದೂರು. ಡಿಫ್ಯೂಸರ್‌ನಿಂದ ಹುಳು 10 ಸೆಂ.ಮೀ., ಹಿಂದಿನ ಗಿಡ 50 ಸೆಂ.ಮೀ. ದೂರವಿದ್ದರೆ ಗಿಡಕ್ಕೆ ತಲುಪುವುದು ಸುಮಾರು ಇಪ್ಪತ್ತೈದರಲ್ಲೊಂದು ಪಾಲು ಬೆಳಕು. ದಾರಿ ಎರಡು: ಹುಳುವಿನ ಹಿಂದೆ 5-10 ಸೆಂ.ಮೀ.ನಲ್ಲೇ ಎಲೆ ಬರುವಂತೆ ಕೋನ ಹುಡುಕಿ. ಅಥವಾ ಐಎಸ್‌ಒ 800, ಶಟರ್ 1/60ಕ್ಕೆ ತಂದು ಸಹಜ ಬೆಳಕನ್ನೂ ಬಿಟ್ಟುಕೊಳ್ಳಿ. ಎರಡನೆಯದು ಗಾಳಿ ಇಲ್ಲದಾಗ ಮಾತ್ರ, ಇಲ್ಲದಿದ್ದರೆ ಹುಳುವಿನ ಅಂಚಿಗೆ ನೆರಳಿನಂಥ ಎರಡನೇ ಗೆರೆ ಬರುತ್ತದೆ.

ಹಿಡಿಯುವ ರೀತಿ

ಆಟೋಫೋಕಸ್ ಆಫ್ ಮಾಡಿ. ವರ್ಧನೆ ಎಷ್ಟು ಬೇಕೋ ಮೊದಲೇ ನಿಗದಿ ಮಾಡಿ ಫೋಕಸ್ ಬಳೆಯನ್ನು ಬಿಟ್ಟುಬಿಡಿ. ಫೋಕಸ್ ಆಗುವುದು ನಿಮ್ಮ ಮೈಯನ್ನು ಹಿಂದೆ ಮುಂದೆ ಬಾಗಿಸುವುದರಿಂದ.

ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಹುಳು ಕೂತ ಕಡ್ಡಿಯನ್ನು ಕೆಳಗೆ ಮೆಲ್ಲಗೆ ಹಿಡಿಯಿರಿ. ಅದೇ ಕೈಯ ಮೇಲೆ ಲೆನ್ಸ್ ಮೂತಿಯನ್ನು ಊರಿ. ಈಗ ಕಡ್ಡಿ, ಕೈ, ಲೆನ್ಸ್ ಮೂರೂ ಒಟ್ಟಿಗೆ ಅಲುಗುತ್ತವೆ. ಗಾಳಿ ಬೀಸಿದರೂ ಅಂತರ ಕೆಡುವುದಿಲ್ಲ. ಮೊಣಕೈಗಳು ಪಕ್ಕೆಗೆ ಅಂಟಿರಲಿ. ಉಸಿರು ಬಿಟ್ಟ ಕೊನೆಯಲ್ಲಿ ಮುಂದಕ್ಕೆ ವಾಲುತ್ತಾ, ಕಣ್ಣು ಚೊಕ್ಕವಾದ ಕ್ಷಣಕ್ಕೆ ತುಸು ಮೊದಲೇ ಒತ್ತಿ. ಬೆರಳು ಒತ್ತುವಷ್ಟರಲ್ಲಿ ಮೈ ಇನ್ನಷ್ಟು ಮುಂದೆ ಹೋಗಿರುತ್ತದೆ. ಕಂಬಳಿಹುಳು ಕೂತ ಕಡ್ಡಿಯನ್ನು ಮಾತ್ರ ಹೀಗೆ ಹಿಡಿಯಬೇಡಿ.

0.6 ಮಿ.ಮೀ. ಪದರವನ್ನು ಎಲ್ಲಿ ಖರ್ಚು ಮಾಡಬೇಕೆಂಬುದೇ ಇಲ್ಲಿಯ ಕಲೆ. ರೆಕ್ಕೆ ಮಡಿಸಿದ ಚಿಟ್ಟೆಗೆ ಸೆನ್ಸರ್ ರೆಕ್ಕೆಗೆ ಸಮಾನಾಂತರವಾಗಿರಲಿ. ಜೇಡಕ್ಕೆ ಎದುರಿಗಿನ ಎರಡು ದೊಡ್ಡ ಕಣ್ಣುಗಳು ಒಂದೇ ಸಮತಲದಲ್ಲಿ ಬರಲಿ, ಹೊಟ್ಟೆ ಮಸುಕಾದರೂ ಪರವಾಗಿಲ್ಲ. ಮೇಲಿನಿಂದ ಕೆಳಕ್ಕೆ ನೋಡಿ ತೆಗೆದ ಚಿತ್ರಕ್ಕಿಂತ ಹುಳುವಿನ ಕಣ್ಣಿನ ಮಟ್ಟಕ್ಕೆ ಇಳಿದು ತೆಗೆದದ್ದು ಬಹುತೇಕ ಯಾವಾಗಲೂ ಗೆಲ್ಲುತ್ತದೆ. ಅದಕ್ಕಾಗಿ ಮಂಡಿಯೂರಲು ಒಂದು ಹಳೆಯ ಗೋಣಿಚೀಲ ಜತೆಗಿಟ್ಟುಕೊಳ್ಳಿ.

ಒಂದೇ ಗಿಡವನ್ನು ಹಿಡಿಯಿರಿ

ಊರೂರು ಅಲೆಯುವುದಕ್ಕಿಂತ ಮನೆಯಿಂದ ನಡೆದು ಹೋಗಬಹುದಾದ ಒಂದು ಗಿಡವನ್ನು ಆರಿಸಿಕೊಂಡು ವರ್ಷವಿಡೀ ನೋಡಿ. ರಸ್ತೆ ಬದಿಯ ಎಕ್ಕದ ಗಿಡ ಇದಕ್ಕೆ ಹೇಳಿ ಮಾಡಿಸಿದ್ದು. ಎಳೆ ಚಿಗುರಿನಲ್ಲಿ ಹಳದಿ ಹೇನುಗಳು, ಅವುಗಳ ಸಿಹಿ ಒಸರಿಗೆ ಬರುವ ಇರುವೆ, ಹೇನು ತಿನ್ನಲು ಬರುವ ಗುಲಗಂಜಿ ಹುಳು ಮತ್ತು ಅದರ ಮರಿ, ಎಲೆ ಮೇಯುವ ಪ್ಲೇನ್ ಟೈಗರ್ ಚಿಟ್ಟೆಯ ಪಟ್ಟೆಪಟ್ಟೆ ಮರಿಹುಳು, ಎಲ್ಲವೂ ಒಂದೇ ಕೊಂಬೆಯಲ್ಲಿ ಸಿಗುತ್ತವೆ. ನಿಂಬೆ ಗಿಡದಲ್ಲಿ ಲೈಮ್ ಚಿಟ್ಟೆ, ಕರಿಬೇವಿನಲ್ಲಿ ಕಾಮನ್ ಮಾರ್ಮನ್, ಕಣಗಿಲೆಯಲ್ಲಿ ಕಾಮನ್ ಕ್ರೋ ಮರಿಮಾಡುತ್ತವೆ. ಮಲೆನಾಡಿನ ತೋಟದಂಚಿನಲ್ಲಿ ಈಶ್ವರಿ ಬಳ್ಳಿ ಇದ್ದರೆ ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡಲು ಬರುವ ಸಾಧ್ಯತೆ ಇದೆ.

ಹೊತ್ತೂ ಮುಖ್ಯ. ಸೂರ್ಯ ಏರುವ ಮುಂಚೆ, ವಿಶೇಷವಾಗಿ ಡಿಸೆಂಬರ್-ಜನವರಿಯಲ್ಲಿ, ಏರೋಪ್ಲೇನ್ ಚಿಟ್ಟೆಗಳು ಇಬ್ಬನಿ ಹೊತ್ತು ಮರಗಟ್ಟಿ ಕೂತಿರುತ್ತವೆ. ಮಧ್ಯಾಹ್ನ ಅದೇ ಹುಳುವಿನ ಹಿಂದೆ ಓಡುವುದು ವ್ಯರ್ಥ. ಮುಸ್ಸಂಜೆ ಒಣಕಡ್ಡಿಗಳನ್ನು ಗಮನಿಸಿ: ನೀಲಿ ಪಟ್ಟಿಯ ಒಂಟಿಜೇನುಗಳು ಕಡ್ಡಿಯನ್ನು ದವಡೆಯಿಂದ ಕಚ್ಚಿ, ಕಾಲು ಮಡಿಸಿ, ಸಾಲಾಗಿ ನಿದ್ದೆ ಹೋಗುತ್ತವೆ. ಸ್ಟ್ಯಾಕಿಂಗ್ ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಮಾವು, ಹಲಸಿನ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳನ್ನು ಹತ್ತಿರದಿಂದ ನೋಡುವುದು ಒಂದು ಪಾಠವೇ ಸರಿ. ಕೆಲವು ಇರುವೆಗಳು ಎರಡು ಎಲೆಯಂಚನ್ನು ಎಳೆದು ಹಿಡಿದಿರುತ್ತವೆ; ಇನ್ನೊಂದು ತನ್ನ ಬಾಯಲ್ಲಿ ಬೆಳ್ಳನೆಯ ಮರಿಯನ್ನು ಹಿಡಿದು ಅತ್ತಿಂದಿತ್ತ ತಾಗಿಸುತ್ತದೆ. ಆ ಮರಿಯ ಬಾಯಿಂದ ಬರುವ ರೇಷ್ಮೆಯೇ ಹೊಲಿಗೆ ದಾರ. ಗೂಡಿಗೆ ತಾಗದಂತೆ ಒಂದಡಿ ದೂರ ನಿಂತು 100 ಮಿ.ಮೀ. ಲೆನ್ಸ್‌ನಲ್ಲಿ ತೆಗೆಯಿರಿ, ಅವು ಸಿಂಪಡಿಸುವ ಆಮ್ಲ ಗಾಜಿಗೆ ಬಿದ್ದರೆ ಕೂಡಲೇ ಒರೆಸಿ. ಸಾಲಿನ ಬಳಿ ಒಂಟಿಯಾಗಿ ಅಡ್ಡಾಡುವ ಇರುವೆ ಕಂಡರೆ ಕಾಲು ಎಣಿಸಿ. ಎಂಟಿದ್ದು, ಮುಂದಿನೆರಡನ್ನು ಮೀಸೆಯಂತೆ ಎತ್ತಿಕೊಂಡಿದ್ದರೆ ಅದು ಚಗಳಿಯ ವೇಷದ ಜಿಗಿಯುವ ಜೇಡ. ಸಲಕರಣೆಗಿಂತ ಇಂಥ ತಿಳಿವಳಿಕೆ ಹೆಚ್ಚು ಚಿತ್ರ ಕೊಡುತ್ತದೆ.

ಕೆಲವು ಕೆಲಸಗಳನ್ನು ಮಾಡಲೇಬಾರದು. ಹುಳುವನ್ನು ಫ್ರಿಜ್‌ನಲ್ಲಿಟ್ಟು ಮಂಪರು ಬರಿಸುವುದು, ಅಂಟು ಹಚ್ಚಿ ಕೂರಿಸುವುದು, ಗೂಡಿನ ಮರೆಯ ಎಲೆ ಕಿತ್ತು ಹಾಕುವುದು. ಸರಿಸಿದ ಎಲೆಯನ್ನು ಮತ್ತೆ ಮರೆ ಮಾಡಿ ಬನ್ನಿ. ಕಪ್ಪೆಗಳ ಚರ್ಮ ನೀರು ಹೀರುವಂಥದ್ದು, ಉಂಬಳಕ್ಕೆಂದು ಔಷಧಿ ಹಚ್ಚಿದ ಕೈಯಿಂದ ಮುಟ್ಟಿದರೆ ವಿಷವೇ ತಾಗಿದಂತೆ. ಕಾಯ್ದಿಟ್ಟ ಅರಣ್ಯಕ್ಕೆ, ಅದರಲ್ಲೂ ರಾತ್ರಿ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಕೆಲವು ಚಿಟ್ಟೆಗಳೂ ಇವೆ. ಹಿಡಿದು ಒಯ್ಯುವುದು ಅಪರಾಧ. ಮಲೆನಾಡಿನ ಮಳೆಯಲ್ಲಿ ಕೊಂಬೆಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಹಸಿರು ಎಲೆಗಳ ನಡುವೆ ಗುಳಿಮಂಡಲ ಹಾವು ಸುರುಳಿ ಸುತ್ತಿ ಅಲುಗದೆ ಇರುತ್ತದೆ.

ಫೋಕಸ್ ಸ್ಟ್ಯಾಕಿಂಗ್

ಒಂದೇ ಚಿತ್ರದಲ್ಲಿ ಸಿಗದ ಆಳವನ್ನು ಹಲವು ಚಿತ್ರಗಳಿಂದ ಹೆಣೆಯುವ ವಿಧಾನ ಇದು. ಎಫ್/5.6 ಇಡಿ, ಅಲ್ಲಿ ಲೆನ್ಸ್ ಚುರುಕಾಗಿರುತ್ತದೆ. 1 ಪಟ್ಟಿನಲ್ಲಿ ಸಿಗುವ ಪದರ ಸುಮಾರು 0.45 ಮಿ.ಮೀ.; ಚಿತ್ರಗಳು ಒಂದರ ಮೇಲೊಂದು ಹಾಯಬೇಕಾದ್ದರಿಂದ ಹೆಜ್ಜೆ 0.3 ಮಿ.ಮೀ. ಇರಲಿ. 3 ಮಿ.ಮೀ. ಆಳದ ತಲೆಗೆ ಹತ್ತು ಹನ್ನೆರಡು ಚಿತ್ರ. 2 ಪಟ್ಟಿಗೆ ಹೆಜ್ಜೆ 0.12 ಮಿ.ಮೀ., ಅದೇ ತಲೆಗೆ ಇಪ್ಪತ್ತೈದು.

ಟ್ರೈಪಾಡ್ ಕಡ್ಡಾಯವಲ್ಲ. ಮೇಲೆ ಹೇಳಿದಂತೆ ಕಡ್ಡಿ ಹಿಡಿದು, ಫ್ಲ್ಯಾಶನ್ನು 1/32ಕ್ಕೆ ಇಳಿಸಿ ಐಎಸ್‌ಒ 400ಕ್ಕೆ ಏರಿಸಿ, ನಿರಂತರ ಶಟರ್‌ನಲ್ಲಿ ಮೀಸೆಯ ತುದಿಯಿಂದ ಕುತ್ತಿಗೆಯವರೆಗೆ ನಿಧಾನ ವಾಲುತ್ತಾ ಹೋಗಿ. ಕೈ ಪಕ್ಕಕ್ಕೆ ಜಾರಬಾರದು. ಚೌಕಟ್ಟು ಬಿಗಿಯಾಗಿದ್ದರೆ ಹೊಂದಿಸುವಾಗ ಅಂಚುಗಳು ಕತ್ತರಿಸಿಹೋಗುತ್ತವೆ, ಸುತ್ತ ಜಾಗ ಬಿಟ್ಟೇ ತೆಗೆಯಿರಿ. ಕ್ಯಾಮೆರಾದಲ್ಲೇ ಫೋಕಸ್ ಬ್ರ್ಯಾಕೆಟಿಂಗ್ (ಫೋಕಸನ್ನು ತಾನಾಗಿ ಸರಿಸುತ್ತಾ ಸಾಲು ಚಿತ್ರ ತೆಗೆಯುವ ಸೌಲಭ್ಯ) ಇದ್ದರೆ ನಿದ್ರಿಸುವ ಹುಳುವಿಗೆ ಅದನ್ನೇ ಬಳಸಿ. ಆದರೆ ಅನೇಕ ಮಾದರಿಗಳಲ್ಲಿ ಆ ಹೊತ್ತಿಗೆ ಫ್ಲ್ಯಾಶ್ ಕೆಲಸ ಮಾಡುವುದಿಲ್ಲ. ಮೊದಲೇ ಮನೆಯಲ್ಲಿ ಪರೀಕ್ಷಿಸಿ.

ಹೆಣೆಯಲು ಝೆರೀನ್ ಸ್ಟ್ಯಾಕರ್, ಹೆಲಿಕಾನ್ ಫೋಕಸ್, ಫೋಟೋಶಾಪ್ ಇವೆ. ಝೆರೀನ್‌ನ ಪಿಮ್ಯಾಕ್ಸ್ ವಿಧಾನ ಒಂದರ ಮೇಲೊಂದು ಹಾಯುವ ಕೂದಲು, ಮೀಸೆಗಳಿಗೆ ಒಳ್ಳೆಯದು, ಆದರೆ ನಾಯ್ಸ್ (ಚಿತ್ರದಲ್ಲಿನ ಕಾಳುಕಾಳು ಚುಕ್ಕೆ) ಹೆಚ್ಚಿಸುತ್ತದೆ. ಡಿಮ್ಯಾಪ್ ಬಣ್ಣವನ್ನೂ ನುಣುಪು ಮೈಯನ್ನೂ ಉಳಿಸುತ್ತದೆ, ಕೂದಲಿನ ಸುತ್ತ ಮಸುಕು ಪ್ರಭೆ ಬಿಡುತ್ತದೆ. ಎರಡರಲ್ಲೂ ಒಂದೊಂದು ಮಾಡಿ, ಡಿಮ್ಯಾಪ್ ಮೇಲೆ ಕೂದಲಿನ ಭಾಗವನ್ನಷ್ಟೇ ಪಿಮ್ಯಾಕ್ಸ್‌ನಿಂದ ರಿಟಚ್ ಬ್ರಶ್‌ನಲ್ಲಿ ತುಂಬಿ. ನಡುವೆ ಒಂದು ಚಿತ್ರದಲ್ಲಿ ಮೀಸೆ ಅಲುಗಿದ್ದರೆ ಎರಡು ಮೀಸೆ ಮೂಡುತ್ತವೆ. ಆ ಚಿತ್ರವನ್ನು ತೆಗೆದು ಮತ್ತೆ ಹೆಣೆಯಿರಿ. ಸೆನ್ಸರ್ ಮೇಲಿನ ಒಂದು ಧೂಳಿನ ಕಣ ಸ್ಟ್ಯಾಕ್‌ನಲ್ಲಿ ಚುಕ್ಕೆಗಳ ಸಾಲಾಗುತ್ತದೆ, ಆದ್ದರಿಂದ ಮುಂಚಿತವಾಗಿ ಬ್ಲೋವರ್‌ನಿಂದ ಊದಿ.

ಸಲೋನ್‌ಗಳಿಗೆ (ಛಾಯಾಚಿತ್ರ ಸ್ಪರ್ಧೆಗಳಿಗೆ) ಕಳಿಸುವವರು ನೇಚರ್ ವಿಭಾಗದ ನಿಯಮ ಓದಿಕೊಳ್ಳಿ. ಪಿಎಸ್‌ಎ, ಎಫ್‌ಐಎಪಿ ಎಂಬ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿರುವ ವ್ಯಾಖ್ಯೆಯಲ್ಲಿ ಫೋಕಸ್ ಸ್ಟ್ಯಾಕಿಂಗ್‌ಗೆ ಅವಕಾಶವಿದೆ. ಆದರೆ ಅಡ್ಡ ಬಂದ ಹುಲ್ಲುಕಡ್ಡಿಯನ್ನು ಅಳಿಸುವುದು ನಿಷಿದ್ಧ, ಕ್ರಾಪ್ ಮಾಡಿ ಹೊರಗಿಡಬಹುದು ಅಷ್ಟೇ. ಪ್ರಭೇದ ಗುರುತಿಸಲು ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕುವುದಿದ್ದರೆ ಚೆಂದದ ಮುಖದ ಚಿತ್ರವೊಂದೇ ಸಾಲದು. ಬೆನ್ನು, ಪಕ್ಕ, ಮುಖ ಮೂರೂ ಇರಲಿ, ಜತೆಗೆ ಕೂತಿದ್ದ ಗಿಡದ ಎಲೆಯದ್ದೂ ಒಂದು.

ಮಳೆಗಾಲದಲ್ಲಿ ಸಲಕರಣೆ

ಹುಳುಗಳು ಹೆಚ್ಚು ಸಿಗುವ ಜೂನ್-ಅಕ್ಟೋಬರ್‌ನಲ್ಲೇ ಕರಾವಳಿ, ಮಲೆನಾಡಿನಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯುವುದು. ತೇವಾಂಶ ಶೇ. 60 ದಾಟಿ ಉಳಿದರೆ ಅಪಾಯ, ಶೇ. 40-50 ಹದ. ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್, ಅರ್ಧ ಕೆಜಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಡಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಆ ತಟ್ಟೆಯನ್ನು ಅಡುಗೆಗೆ ಬಳಸಬೇಡಿ. ಚರ್ಮದ ಅಥವಾ ಬಟ್ಟೆಯ ಪೌಚ್‌ನಲ್ಲಿ ಲೆನ್ಸ್ ಇಟ್ಟು ಬೀರುವಿನಲ್ಲಿ ಮುಚ್ಚಿಡುವುದೇ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ, ಆ ಪೌಚ್ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಏಸಿ ಕಾರಿನಿಂದ ಇಳಿದ ಕೂಡಲೇ ಗಾಜಿಗೆ ಮಂಜು ಕಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ. ಜಿಪ್ ಕವರ್‌ನಲ್ಲಿಟ್ಟು ಇಪ್ಪತ್ತು ಮೂವತ್ತು ನಿಮಿಷ ಹೊರಗಿನ ಬಿಸಿಗೆ ಹೊಂದಲು ಬಿಡಿ. ತಿರುಗಿಸಿ ಹಾಕಿದ ಲೆನ್ಸಿನ ಹಿಂಗಾಜು, ಎಲೆಕ್ಟ್ರಾನಿಕ್ ಪಿನ್ನುಗಳು ಬಯಲಿಗೆ ತೆರೆದಿರುವುದರಿಂದ ಜಿಟಿಜಿಟಿ ಮಳೆಯಲ್ಲಿ ರಿವರ್ಸ್ ರಿಂಗ್ ಬೇಡ, ಕ್ಲೋಸ್-ಅಪ್ ಲೆನ್ಸ್ ಹಾಕಿ ಹೋಗಿ. ಫೋಮ್ ಒದ್ದೆಯಾದರೆ ಒರೆಸಿ ಬಳಸಬಹುದು, ಟ್ರೇಸಿಂಗ್ ಪೇಪರ್ ಮಾತ್ರ ಸುಕ್ಕಾಗುತ್ತದೆ. ಮಳೆಗಾಲಕ್ಕೆ ಅದರ ಜಾಗದಲ್ಲಿ ಸ್ಟೇಷನರಿ ಅಂಗಡಿಯ ತೆಳು ಬಿಳಿ ಪ್ಲಾಸ್ಟಿಕ್ ಫೋಲ್ಡರ್ ಕತ್ತರಿಸಿ ಹಾಕಿ. ಮನೆಗೆ ಬಂದ ರಾತ್ರಿಯೇ ಫ್ಲ್ಯಾಶ್‌ನಿಂದ ಸೆಲ್‌ಗಳನ್ನು ಬಿಚ್ಚಿ, ಲೆನ್ಸ್ ಮತ್ತು ಬಾಡಿಯನ್ನು ಒಣಬಟ್ಟೆಯಿಂದ ಒರೆಸಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಆರಿಸಿ, ಆಮೇಲೆ ಡಬ್ಬದೊಳಗೆ ಇಡಿ.